ಒದ್ದೆ ಎಲೆಗೆ ಪಾಣಿಪಂಚೆ

ಸೋಯಾ ಅವರೆ ಶಿರ್ವಕ್ಕೆ ಬಂದದ್ದು 1978ರ ಮೇ ತಿಂಗಳ ಕೊನೆಯಲ್ಲಿ, ಸರ್ವಿಸ್ ಬಸ್ಸಿನ ಟಾಪಿನ ಮೇಲೆ, ಎರಡು ಕೋಳಿಬುಟ್ಟಿಗಳ ನಡುವೆ. ಅದರ ಸುತ್ತೋಲೆ ಮಾತ್ರ ಬಸ್ಸಿನ ಒಳಗೆ, ಗ್ರಾಮಸೇವಕ ಹೃಷೀಕೇಶನ ಚೀಲದಲ್ಲಿ, ಹನಿ ನೀರು ತಾಗದ ಹಾಗೆ ಕುಳಿತುಕೊಂಡು ಬಂತು. ಸರಕಾರದಲ್ಲಿ ಬೀಜಕ್ಕಿಂತ ಕಾಗದಕ್ಕೆ ಮರ್ಯಾದೆ ಜಾಸ್ತಿ ಎಂಬುದನ್ನು ಹೃಷೀಕೇಶ ಎರಡು ವರ್ಷದ ನೌಕರಿಯಲ್ಲಿ ಕಲಿತುಕೊಂಡಿದ್ದ.

ಸುತ್ತೋಲೆಯನ್ನು ಬರೆದವರು ಘಟ್ಟದ ಮೇಲಿನವರು. ಮುಂಗಾರಿನ ಮೊದಲ ಹದ ಮಳೆಗೆ ಬಿತ್ತಬೇಕು, ಇಡೀ ಹಂಗಾಮಿನಲ್ಲಿ ಏಳುನೂರು ಮಿಲಿಮೀಟರ್ ಮಳೆ ಸಾಕು ಎಂದು ಅದರಲ್ಲಿತ್ತು. ಏಳುನೂರು ಮಿಲಿಮೀಟರ್ ಮಳೆಯನ್ನು ಉಡುಪಿಯ ಆಕಾಶ ಜೂನ್ ತಿಂಗಳು ಮುಗಿಯುವುದರೊಳಗೆ ಸುರಿದು, ಕೈ ಕೊಡವಿ, ಇನ್ನು ನಿಜವಾದ ಮಳೆಗೆ ತೊಡಗುವ ಎಂದು ನಿಂತಿರುತ್ತದೆ. ಸುತ್ತೋಲೆಗೆ ಒಂದು ತಖ್ತೆಯನ್ನು ಪಿನ್ ಮಾಡಿದ್ದರು. ಯಾವ ಹವೆಗೆ ಯಾವ ರೋಗ ಎಂದು ಅದರಲ್ಲಿ ವಿವರವಾಗಿ ಇತ್ತು. ಮಳೆ ಹೆಚ್ಚಾದರೆ ಬುಡ ಕೊಳೆಯುತ್ತದೆ. ತಂಪು ಮತ್ತು ಮಂಜು ಇದ್ದರೆ ಎಲೆಗೆ ತುಕ್ಕು. ಒಣಹವೆಗೆ ಬಿಳಿನೊಣ, ಬಿಳಿನೊಣದಿಂದ ಹಳದಿ ನಂಜು. ಬಿಸಿಲು ಇನ್ನೂ ಏರಿದರೆ ಬೇರು ಕರಿ ಹಿಡಿಯುತ್ತದೆ. ಕೊನೆಯವರೆಗೆ ಓದಿದ ಹೃಷೀಕೇಶನಿಗೆ, ಈ ಗಿಡಕ್ಕೆ ಸೌಖ್ಯದ ಹವೆ ಅಂತ ಒಂದು ಭೂಮಿಯ ಮೇಲೆ ಉಂಟೇ ಎಂದು ಸಂಶಯ ಬಂತು.

ಆದರೆ ಸಂಶಯಪಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವನ ಪ್ರೊಬೇಷನ್ ಅಕ್ಟೋಬರಿಗೆ ಮುಗಿಯುವುದಿತ್ತು. ಅವನ ಮೇಲಿನ ವಿಸ್ತರಣಾಧಿಕಾರಿ ಉಮಾನಾಥ ಶೆಟ್ಟರು, ಒಳ್ಳೆಯ ಮನಸ್ಸಿನವರು, ಹೆದರುವ ಸ್ವಭಾವದವರು, ಅವನನ್ನು ಕರೆದು ವಿಷಯವನ್ನು ಬಿಡಿಸಿ ಹೇಳಿದ್ದರು.

"ನೋಡು ಮಾರಾಯ, ಅಕ್ಟೋಬರ್ ಮೊದಲ ವಾರ ಜಂಟಿ ನಿರ್ದೇಶಕರು ಪ್ರಾತ್ಯಕ್ಷಿಕೆ ನೋಡಲಿಕ್ಕೆ ಬರ್ತಾರೆ. ಅವರಿಗೆ ಹಸಿರು ಕಾಣಬೇಕು. ಹಸಿರು ಕಂಡರೆ ನೀನು ಖಾಯಂ. ಕಾಣದಿದ್ದರೆ ನಾನು ನಿನ್ನ ಬಗ್ಗೆ ಎಂತ ಬರೆಯುವುದು? ಹುಡುಗ ಒಳ್ಳೆಯವ ಅಂತ ಬರೆಯಲಿಕ್ಕೆ ಫಾರ್ಮಿನಲ್ಲಿ ಜಾಗವೇ ಇಲ್ಲ."

ಖಾಯಂ ಆಗದಿದ್ದರೆ ಎಂತ ಎಂಬುದನ್ನು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಉಡುಪಿಯಲ್ಲಿ ಅವನ ಸೋದರಮಾವ ಯಜ್ಞನಾರಾಯಣ ಆಚಾರ್ಯರು ಕಾಯುತ್ತಿದ್ದರು. ಆಚಾರ್ಯರು ಶ್ರಾದ್ಧ ಮಾಡಿಸುವುದರಲ್ಲಿ ಹೆಸರಾದ ಪುರೋಹಿತರು. ಕಟಪಾಡಿಯಿಂದ ಬ್ರಹ್ಮಾವರದವರೆಗೆ ಯಾರ ಮನೆಯ ಯಾವ ಅಜ್ಜನ ತಿಥಿ ಎಂದು ಎಂಬುದು ಅವರಿಗೆ ಬಾಯಿಪಾಠ. ಮಂಡಿನೋವು ಶುರುವಾದ ಮೇಲೆ ಚೀಲ ಹೊರಲಿಕ್ಕೆ, ಮುಂದೆ ಕಸುಬು ಹಿಡಿಯಲಿಕ್ಕೆ ಅವರಿಗೆ ಒಬ್ಬ ಅಳಿಯ ಬೇಕಿತ್ತು. ಇದ್ದದ್ದು ಹೃಷೀಕೇಶ ಒಬ್ಬನೇ. ಕೃಷಿ ತರಬೇತಿಗೆ ಸೇರಿದಾಗಲೇ ಹೃಷೀಕೇಶ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದ. ಪ್ರಪಂಚದಲ್ಲಿ ಮಡಿ ಮೈಲಿಗೆ ಇಲ್ಲದ ವಸ್ತು ಒಂದಿದ್ದರೆ ಅದು ಮಣ್ಣು. ಬಾಲ್ಯವಿಡೀ "ಮುಟ್ಟಬೇಡ" ಎಂಬ ಒಂದೇ ಮಾತನ್ನು ಕೇಳಿ ಬೆಳೆದವನಿಗೆ, ಎರಡು ಕೈಯನ್ನೂ ಮೊಣಕೈಯವರೆಗೆ ಮಣ್ಣಿನಲ್ಲಿ ಮುಳುಗಿಸಿ ಸಂಬಳ ತೆಗೆದುಕೊಳ್ಳುವ ಉದ್ಯೋಗ ಸ್ವರ್ಗದ ಹಾಗೆ ಕಂಡಿತ್ತು.

ಮಾವ ಸಿಟ್ಟು ಮಾಡಲಿಲ್ಲ. ಕಾದರು. ಆ ಮೇ ತಿಂಗಳಲ್ಲೇ ಕೆಂಪಂಚಿನ ಎರಡು ಹೊಸ ಪಾಣಿಪಂಚೆ ತಂದು ಅಳಿಯನ ಕೈಯಲ್ಲಿ ಇಟ್ಟರು. ಪಾಣಿಪಂಚೆ ಎಂದರೆ ಪುರೋಹಿತರು ಸೊಂಟಕ್ಕೂ ಹೆಗಲಿಗೂ ಬಳಸುವ ತೆಳು ಹತ್ತಿಯ ಬಟ್ಟೆ.

"ಎಂತಕ್ಕೆ ಮಾವ?" 

"ಅಕ್ಟೋಬರಿಗೆ ನಿನ್ನ ಸರಕಾರ ಮುಗೀತದಲ್ಲ? ಆಗ ಬೇಕಾಗ್ತದೆ. ನನಗೆ ಅವಸರ ಇಲ್ಲ. ಸತ್ತವರು ಎಲ್ಲಿಗೂ ಹೋಗುವುದಿಲ್ಲ."

ಬೀಜ ಬಂತು, ಇನ್ನು ಗದ್ದೆ ಬೇಕು. ಹೃಷೀಕೇಶ ಕಾಪುವಿನಿಂದ ಶಿರ್ವದವರೆಗೆ ಹದಿನೇಳು ಮನೆಯ ಜಗಲಿ ಹತ್ತಿದ. ಎಲ್ಲ ಕಡೆ ಬೆಲ್ಲ ನೀರು ಕೊಟ್ಟರು, ಗದ್ದೆ ಕೊಡಲಿಲ್ಲ. ಮಳೆಗಾಲದಲ್ಲಿ ಗದ್ದೆಯಲ್ಲಿ ಭತ್ತ ಅಲ್ಲದೆ ಬೇರೆ ಏನನ್ನಾದರೂ ಹಾಕುವುದು ಎಂದರೆ ಅವರಿಗೆ ಮದುವೆಯ ಚಪ್ಪರದಲ್ಲಿ ಪಿಂಡ ಇಟ್ಟ ಹಾಗೆ. ಕೊನೆಗೆ ಒಪ್ಪಿದವಳು ಅಕ್ಕು ಪೂಜಾರ್ತಿ. ಅರವತ್ತು ದಾಟಿದ ವಿಧವೆ, ಕಟ್ಟಿಗೆಯ ಹಾಗೆ ಗಟ್ಟಿ. ಭೂನ್ಯಾಯಮಂಡಳಿಗೆ ಅವಳ ಡಿಕ್ಲರೇಶನ್ ಅರ್ಜಿಯನ್ನು ಬರೆದುಕೊಟ್ಟವನು ಹೃಷೀಕೇಶ. ಗೇಣಿಯ ಗದ್ದೆ ಅವಳ ಹೆಸರಿಗೆ ಆಗಿತ್ತು.

"ನೀವು ಬರೆದ ಕಾಗದಕ್ಕೆ ಭೂಮಿ ಬಂತು ಭಟ್ರೇ," ಎಂದಳು ಅಕ್ಕು. "ಅದರಲ್ಲಿ ಎರಡು ಸೆಂಟ್ಸ್ ನಿಮ್ಮ ಹುಚ್ಚಿಗೆ ಇರಲಿ. ಬೆಟ್ಟು ಗದ್ದೆ, ನೀರು ನಿಲ್ಲುವುದಿಲ್ಲ. ಆದರೆ ಈಗ ಬಿತ್ತಬೇಡಿ. ಆಟಿ ತಿಂಗಳ ಮಳೆ ಮುಗಿಯಲಿ."

"ಸುತ್ತೋಲೆಯಲ್ಲಿ ಮೊದಲ ಮಳೆಗೆ ಅಂತ ಉಂಟು."

"ಸುತ್ತೋಲೆ ಬರೆದವರಿಗೆ ನಮ್ಮ ಮೊದಲ ಮಳೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಜೂನ್ ಆರರಂದು ಹೃಷೀಕೇಶ ಅರ್ಧ ಬೀಜ ಬಿತ್ತಿದ. ಹತ್ತನೇ ತಾರೀಕಿಗೆ ಮೊಳಕೆಗಳು ತಲೆ ಎತ್ತಿ ಸುತ್ತ ನೋಡಿದವು. ಹದಿನೆಂಟಕ್ಕೆ ಅವುಗಳ ಬುಡ ಕೊಳೆತು, ಹತ್ತೊಂಬತ್ತಕ್ಕೆ ಕೆಲವು ಪಕ್ಕದ ತೋಡಿನ ನೀರಿನಲ್ಲಿ ಪಡುಬಿದ್ರಿಯ ಕಡೆಗೆ ಪ್ರಯಾಣ ಬೆಳೆಸಿದವು. ತಖ್ತೆಯ ಮೊದಲ ಸಾಲು ಸರಿಯಾಗಿಯೇ ಇತ್ತು.

ಉಮಾನಾಥ ಶೆಟ್ಟರು ವರದಿ ಬರೆಸಿದರು. "ಮೊದಲ ಬಿತ್ತನೆ ಹವಾಮಾನ ವೈಪರೀತ್ಯದಿಂದ ನಾಶ. ಬರಿ."

"ಜೂನಿನಲ್ಲಿ ಮಳೆ ಬರುವುದು ವೈಪರೀತ್ಯವಾ ಸಾರ್?"

"ಓದುವವರು ಬೆಂಗಳೂರಿನಲ್ಲಿ ಇದ್ದಾರೆ ಮಾರಾಯ. ಅವರಿಗೆ ವೈಪರೀತ್ಯವೇ."

ಎರಡನೇ ಬಿತ್ತನೆ ಅಕ್ಕು ಹೇಳಿದ ದಿನ ನಡೆಯಿತು. ಆಟಿಯ ಕೊನೆಗೆ, ಆಗಸ್ಟಿನಲ್ಲಿ, ಮಳೆ ನಾಲ್ಕು ದಿನ ಉಸಿರು ಬಿಟ್ಟಾಗ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಅವಳೇ ಮಣ್ಣು ಏರಿಸಿ ಸಾಲು ಮಾಡಿಸಿದಳು. ಗದ್ದೆಯ ನಡುವೆ ನೀರು ಹೋಗಲು ಒಂದು ಕಣಿ ತೋಡಿಸಿದಳು. ಕಣಿಯ ಪಡುಬದಿಯ ಅರ್ಧಕ್ಕೆ ಒಂದು ದೊಡ್ಡ ಹಲಸಿನ ಮರದ ನೆರಳು. ಮೂಡುಬದಿಯ ಅರ್ಧಕ್ಕೆ ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಗಿಡಗಳು ಬಂದವು, ಮೊಣಕಾಲೆತ್ತರ ಆದವು, ನೇರಳೆ ಬಣ್ಣದ ಸಣ್ಣ ಹೂವು ಬಿಟ್ಟವು. ಬಸ್ಸಿನಲ್ಲಿ ಹೋಗುವವರು ತಲೆ ಹೊರಗೆ ಹಾಕಿ ನೋಡತೊಡಗಿದರು. ಹೃಷೀಕೇಶ ಪಾಣಿಪಂಚೆಗಳನ್ನು ಟ್ರಂಕಿನ ಅಡಿಗೆ ಹಾಕಿದ.

ಸೆಪ್ಟೆಂಬರ್ ಎರಡನೇ ವಾರ ಅಕ್ಕು ಹೆಜಮಾಡಿಗೆ ಹೊರಟಳು. ಅಲ್ಲಿ ಅವಳ ಮಗಳು ಸುಗಂಧಿಗೆ ಹೆರಿಗೆಯಾಗಿತ್ತು. ಹೊರಡುವಾಗ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಿಂತು ಹೇಳಿದಳು. "ನಾನು ಹದಿನೈದು ದಿನ ಇಲ್ಲ. ನೀವು ದಿನಾ ಬಂದು ನೋಡಿ. ಆದರೆ ಬಿಸಿಲು ಬಿದ್ದು ಎಲೆ ಒಣಗುವವರೆಗೆ ಸಾಲಿಗೆ ಇಳಿಯಬೇಡಿ, ಗಿಡ ಮುಟ್ಟಬೇಡಿ. ಅಲಸಂಡೆಗೂ ನಾವು ಹಾಗೆಯೇ."

"ಯಾಕೆ?"

"ಯಾಕೆ ಅಂತ ನನ್ನ ಅಜ್ಜಿ ಹೇಳಲಿಲ್ಲ. ಯಾಕೆ ಅಂತ ಕೇಳಿದರೆ ಅಜ್ಜಿ ಹೊಡೆಯಲಿಕ್ಕೆ ಹುಣಸೆ ಅಡರು ತೆಗೆಯುತ್ತಿದ್ದರು."

ಹೃಷೀಕೇಶ ತಲೆ ಆಡಿಸಿದ. ಒಳಗೊಳಗೆ ಮಾತ್ರ ಅವನಿಗೆ ಬೇಸರವಾಯಿತು. ಮುಟ್ಟಬೇಡಿ. ಉಡುಪಿಯಿಂದ ಹನ್ನೊಂದು ಮೈಲು ಓಡಿ ಬಂದರೂ ಆ ಮಾತು ಅವನಿಗಿಂತ ಮೊದಲೇ ಬಂದು ಗದ್ದೆಯ ಹುಣಿಯ ಮೇಲೆ ನಿಂತಿತ್ತು.

ಅಕ್ಕು ಹೋದ ಮೂರನೇ ದಿನ ಹಲಸಿನ ಮರದ ಅಡಿಯ ಮೂಲೆಯಲ್ಲಿ ಐದಾರು ಗಿಡಗಳ ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ ಕಂಡಿತು. ಎಲೆಯ ಹಿಂಬದಿ ಬೆರಳಾಡಿಸಿದರೆ ಹಳೆಯ ಕತ್ತಿಯ ಪುಡಿಯ ಹಾಗೆ ಹತ್ತಿತು. ತುಕ್ಕು. ಹೃಷೀಕೇಶ ತರಬೇತಿ ಕೇಂದ್ರದ ಪುಸ್ತಕ ತೆಗೆದು ಓದಿದ. ಆಟಿಯ ನಂತರದ ಸೋಣ ತಿಂಗಳ ಹವೆಯನ್ನು ಯಾರೋ ಅವನ ಪಕ್ಕದಲ್ಲೇ ಕುಳಿತು ಬರೆದ ಹಾಗಿತ್ತು. ಹಗಲು ಎಳೆಬಿಸಿಲು, ಸಂಜೆಗೊಂದು ಮಳೆ, ಬೆಳಿಗ್ಗೆ ಮಂಜು. ಎಲೆ ಸತತವಾಗಿ ಆರು ಗಂಟೆ ಒದ್ದೆಯಾಗಿದ್ದರೆ ಮಾತ್ರ ತುಕ್ಕಿನ ಬೀಜಾಣು ಮೊಳೆಯುತ್ತದೆ.

ಆ ವಾಕ್ಯವನ್ನು ಅವನು ಮೂರು ಸಲ ಓದಿದ. ಆರು ಗಂಟೆ ಒದ್ದೆಯಾಗಿದ್ದರೆ ಮಾತ್ರ. ಹಾಗಾದರೆ ಒದ್ದೆ ಇರದಿದ್ದರೆ? ಔಷಧಿ ಹೊಡೆಯುವ ಪಂಪು ಆಫೀಸಿನಲ್ಲಿ ಒಂದೇ ಇತ್ತು, ಅದೂ ಕಾರ್ಕಳಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಮಳೆಯನ್ನು ನಿಲ್ಲಿಸಲು ಅವನಿಂದ ಆಗುವುದಿಲ್ಲ. ಮಂಜನ್ನು ತಡೆಯಲಾಗುವುದಿಲ್ಲ. ಆದರೆ ಎಲೆಯನ್ನು ಒರೆಸಬಹುದಲ್ಲ?

ದೊಡ್ಡ ಮೂರ್ಖತನಗಳು ಬರುವುದು ಹೀಗೆಯೇ. ಕೈಯಲ್ಲಿ ಪುಸ್ತಕ ಹಿಡಿದುಕೊಂಡು, ತಲೆ ಬಾಚಿಕೊಂಡು, ಲೆಕ್ಕ ಸರಿಯಾಗಿ ಹಾಕಿಕೊಂಡು ಬರುತ್ತವೆ.

ಮಾರನೇ ದಿನ ಉಡುಪಿಯಿಂದ ಮೊದಲ ಬಸ್ಸು ಹಿಡಿದು ಆರೂ ಮುಕ್ಕಾಲಿಗೆ ಅವನು ಗದ್ದೆಯಲ್ಲಿದ್ದ. ತಂದದ್ದು ಮೈ ಒರೆಸುವ ಬೈರಾಸು. ಅದು ಒರಟು, ಎಲೆ ಹರಿಯಿತು. ಹಾಗಾಗಿ ಅದರ ಮರುದಿನ ಟ್ರಂಕಿನ ಅಡಿಯಿಂದ ಒಂದು ಪಾಣಿಪಂಚೆ ತೆಗೆದ. ಎಷ್ಟು ಚೆನ್ನಾಗಿ ಆಯಿತೆಂದರೆ ಅವನಿಗೇ ಆಶ್ಚರ್ಯ. ಬಟ್ಟೆ ತೆಳುವಾಗಿತ್ತು, ಮುಟ್ಟಿದರೆ ಸಾಕು ನೀರು ಕುಡಿಯುತ್ತಿತ್ತು, ಹಿಂಡಿ ಕೊಡವಿದರೆ ಅರ್ಧ ಒಣಗುತ್ತಿತ್ತು. ಎಷ್ಟೋ ತಲೆಮಾರುಗಳ ಮಡಿಯ ಅನುಭವ ಆ ನೇಯ್ಗೆಯಲ್ಲಿತ್ತು. ಅವನು ಕಾಯಿಲೆಯವರಿಗೆ ಮೊದಲ ಆರೈಕೆ ಎಂದು ಹಲಸಿನ ಮೂಲೆಯ ಚುಕ್ಕೆ ಗಿಡಗಳಿಂದ ಶುರುಮಾಡುವನು. ಒಂದೊಂದೇ ಎಲೆಯನ್ನು ಅಂಗೈಯಲ್ಲಿ ಇಟ್ಟು ಮೇಲೆ ಕೆಳಗೆ ಒರೆಸುತ್ತ ಸಾಲಿನ ತುದಿಗೆ ಹೋಗುವನು, ಅಲ್ಲಿ ತಿರುಗಿ ಮುಂದಿನ ಸಾಲಿನಲ್ಲಿ ಬರುವನು. ಪಡುಬದಿ ಮುಗಿಯುವಾಗ ಎಂಟೂವರೆ. ಆ ಹೊತ್ತಿಗೆ ಮೂಡುಬದಿಯ ಎಲೆಗಳನ್ನು ಬಿಸಿಲೇ ಒಣಗಿಸಿರುತ್ತಿತ್ತು. ಹೃಷೀಕೇಶ ಸೂರ್ಯನಿಗೆ ಮನಸ್ಸಿನಲ್ಲೇ ಒಂದು ಧನ್ಯವಾದ ಹೇಳಿ ಆಫೀಸಿಗೆ ಬಸ್ಸು ಹತ್ತುವನು.

ಪಕ್ಕದ ಮನೆಯ ಪಾಸ್ಕಲ್ ಇದನ್ನೆಲ್ಲ ಕಂಪೌಂಡು ಗೋಡೆಯ ಮೇಲೆ ಕುಳಿತು ಹಲ್ಲುಜ್ಜುತ್ತ ನೋಡುತ್ತಿದ್ದ. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಬಂದವನು, ಯಾವ ಬಂದರಿನಲ್ಲಿಯೂ ಇಂಥದನ್ನು ಕಂಡಿರಲಿಲ್ಲ.

"ಎಂತ ಭಟ್ರೇ, ಬಾಣಂತಿ ಸ್ನಾನವಾ?"

"ರೋಗ ನಿಯಂತ್ರಣ," ಎಂದ ಹೃಷೀಕೇಶ, ಬಗ್ಗಿದಲ್ಲಿಂದಲೇ.

"ಹಾಂ. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್‌ಗಳು ನನಗೂ ಹೀಗೆಯೇ ಒರೆಸಿದ್ದರು. ಆದರೆ ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಮಾರಾಯ್ರೆ. ಪಕ್ಕದ ಮಂಚದವನಿಗೆ ಒರೆಸಿದ್ದನ್ನು ನನಗೆ ಹಾಕಿದ್ದರೆ ನಾನು ಎದ್ದು ಓಡ್ತಿದ್ದೆ."

ಪಾಸ್ಕಲ್ ಹೇಳಿದ್ದು ತಮಾಷೆಗೆ. ಹೃಷೀಕೇಶ ಅದನ್ನು ತಮಾಷೆ ಎಂದೇ ತೆಗೆದುಕೊಂಡ. ಆ ಮಾತಿನ ಒಳಗೆ ಇಡೀ ಸಸ್ಯರೋಗಶಾಸ್ತ್ರ ಇತ್ತು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ಹನ್ನೆರಡು ದಿನ ಹೀಗೆ ನಡೆಯಿತು. ಚುಕ್ಕೆ ಹೆಚ್ಚುತ್ತಿತ್ತು. ಹೆಚ್ಚಿದಂತೆ ಅವನು ಹೆಚ್ಚು ಶ್ರದ್ಧೆಯಿಂದ ಒರೆಸುತ್ತಿದ್ದ. ಹದಿನೈದನೇ ದಿನ ಅಕ್ಕು ಹೆಜಮಾಡಿಯಿಂದ ಬಂದು, ಕೈಚೀಲವನ್ನೂ ಕೆಳಗಿಡದೆ, ಹುಣಿಯ ಮೇಲೆ ನಿಂತು ನೋಡಿದಳು. ಮೂಡುಬದಿ ಹಸಿರಾಗಿತ್ತು. ಪಡುಬದಿ ತುಕ್ಕು ಹಿಡಿದ ಕತ್ತಿಯ ಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ವಿಚಿತ್ರವೆಂದರೆ ರೋಗ ಅಲ್ಲಲ್ಲಿ ಚೆಲ್ಲಿದ ಹಾಗಿರಲಿಲ್ಲ. ಸಾಲು ಹಿಡಿದು ಹೋಗಿ, ತುದಿಯಲ್ಲಿ ತಿರುಗಿ, ಮುಂದಿನ ಸಾಲಿನಲ್ಲಿ ಬಂದಿತ್ತು. ಹೊರಟಲ್ಲಿ ದಟ್ಟ, ಹೋದ ಹಾಗೆ ತೆಳು. ಬಟ್ಟೆ ಹಿಂಡಿದ ಜಾಗದಿಂದ ಮತ್ತೆ ಸ್ವಲ್ಪ ಕಡಿಮೆ.

ಅಕ್ಕು ಬೆರಳು ತೋರಿಸುತ್ತ ಓದಿದಳು, ಅಕ್ಷರ ಬಾರದವಳು ಗದ್ದೆಯನ್ನು ಪತ್ರಿಕೆಯ ಹಾಗೆ ಓದಿದಳು.

"ಇಲ್ಲಿ ಇಳಿದಿರಿ. ಇಲ್ಲಿ ತಿರುಗಿದಿರಿ. ಇಲ್ಲಿ ನಿಮಗೆ ಸೊಂಟ ನೋವಾಯಿತು, ನಿಂತಿರಿ. ಈ ಎರಡು ಗಿಡ ಬಿಟ್ಟಿರಿ. ಯಾಕೆ?"

"ದಿನಾ ಇಲ್ಲಿಗೆ ಬರುವಾಗ ಪಾಸ್ಕಲ್ ಚಾ ಕುಡಿಯಲಿಕ್ಕೆ ಕರೆಯುತ್ತಿದ್ದರು," ಎಂದ ಹೃಷೀಕೇಶ. ಆ ಎರಡು ಗಿಡಗಳು ಹಸಿರಾಗಿ ನಿಂತಿದ್ದವು.

"ಒದ್ದೆಯಲ್ಲಿ ಮುಟ್ಟಿದಿರಿ."

"ಒಣಗಿಸಲಿಕ್ಕೆ ಮುಟ್ಟಿದ್ದು."

ಅಕ್ಕು ಚೀಲವನ್ನು ಕೆಳಗಿಟ್ಟಳು. "ಭಟ್ರೇ, ನಿಮ್ಮ ಅಮ್ಮ ಬೆಳಿಗ್ಗೆ ಮಿಂದು ಒದ್ದೆ ಸೀರೆಯಲ್ಲಿ ಒಲೆಯ ಹತ್ತಿರ ಹೋಗುವಾಗ ನೀವು ಅವರನ್ನು ಮುಟ್ಟುತ್ತೀರಾ?"

"ಇಲ್ಲ."

"ಉಡುಪಿಗೆ ಬಾಳೆ ಎಲೆ ಮಾರಲಿಕ್ಕೆ ಬಂದು ನಾನು ನಿಮ್ಮ ಮನೆಯ ಅಂಗಳದಲ್ಲಿ ನಿಂತಾಗ ಎಷ್ಟು ಸಲ ನನಗೆ ಹೇಳಿದ್ದಾರೆ, ಅಕ್ಕೂ, ದೂರ, ಮಡಿ ಉಂಟು, ಮುಟ್ಟಬೇಡ ಅಂತ. ನಾನು ಯಾಕೆ ಅಂತ ಕೇಳಿದ್ದೇನಾ? ದೂರ ನಿಂತೆ. ನಿಮಗೆ ನಾನು ಜನ್ಮದಲ್ಲಿ ಒಂದು ಸಲ ಮುಟ್ಟಬೇಡಿ ಅಂತ ಹೇಳಿದರೆ, ನಿಮಗೆ ಕಾರಣ ಬೇಕಾಯಿತು."

ಅಕ್ಕು ಬೈಯಲಿಲ್ಲ. ಅದೇ ಕಷ್ಟ. ಅವಳು ಹುಣಿಯ ಮೇಲೆ ಕುಳಿತು ಎಲೆಅಡಿಕೆಗೆ ಸುಣ್ಣ ಹಚ್ಚುತ್ತ, ಇದು ಕೆಟ್ಟಿತು, ಅದೊಂದು ಉಳಿಯಲಿ ಎಂದು ಮೂಡುಬದಿಯ ಕಡೆ ಗಲ್ಲ ಎತ್ತಿದಳು.

ಉಮಾನಾಥ ಶೆಟ್ಟರು ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದರು. ತಪಾಸಣೆಗೆ ಐದು ದಿನ ಇತ್ತು. ಪಡುಬದಿಯ ಎಲೆ ಎಲ್ಲ ಕಿತ್ತು ಹುಳ ತಿಂದಿತು ಎನ್ನೋಣವೇ ಎಂದು ಕೇಳಿದರು. ಹುಳ ಸಾಲು ಹಿಡಿದು ತಿನ್ನುವುದಿಲ್ಲ ಸಾರ್ ಎಂದ ಹೃಷೀಕೇಶ. ದನ ನುಗ್ಗಿತು ಎನ್ನೋಣವೇ? ದನ ಕಣಿ ದಾಟುವುದಿಲ್ಲವಾ ಸಾರ್? ಶೆಟ್ಟರು ಆಲೋಚಿಸಿ, ಕೊನೆಗೆ ಒಂದು ಉಪಾಯ ಹೇಳಿದರು. "ಅವರನ್ನು ಮೂಡುಬದಿಯಿಂದಲೇ ಕರೆದುಕೊಂಡು ಹೋಗುವ. ಹಸಿರು ತೋರಿಸುವ. ಹತ್ತು ಗಂಟೆಗೆ ಅವರಿಗೆ ಕಾರ್ಕಳದಲ್ಲಿ ಮೀಟಿಂಗು. ಪಡುಬದಿ ನೋಡುವಷ್ಟು ಹೊತ್ತು ಅವರಿಗೆ ಎಲ್ಲಿ ಉಂಟು?"

ಜಂಟಿ ನಿರ್ದೇಶಕರು ಬಂದದ್ದು ಬೆಳಿಗ್ಗೆ ಏಳೂಕಾಲಿಗೆ. ಕಾರ್ಕಳದ ಮೀಟಿಂಗಿನಿಂದಾಗಿಯೇ ಬೇಗ ಬಂದಿದ್ದರು. ಹಿಂದಿನ ಸಂಜೆ ಮಳೆ ಬಂದಿತ್ತು, ಮೇಲೆ ಮಂಜು ಬಿದ್ದಿತ್ತು, ಇಡೀ ಗದ್ದೆ ತೊಟ್ಟಿಕ್ಕುತ್ತಿತ್ತು. ಘಟ್ಟದ ಮೇಲಿನವರು, ಸಣ್ಣ ಆಳು, ಮಾತು ಕಡಿಮೆ. ತಖ್ತೆಯ ಕೆಳಗೆ ಇದ್ದ ಸಹಿ ಅವರದೇ. ಜೀಪಿನಿಂದ ಇಳಿದವರೇ ಪ್ಯಾಂಟು ಮಡಚಿಕೊಂಡು, ಶೆಟ್ಟರು ಮೂಡುಬದಿಯ ಕಡೆ ಚಾಚಿದ ಕೈಯನ್ನು ನೋಡದೆ, ನೇರ ಹಲಸಿನ ಮರದ ಅಡಿಗೆ ನಡೆದರು. ರೋಗ ಬಲ್ಲವರಿಗೆ ನೆರಳು ಎಲ್ಲಿ ಎಂದು ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಅವರು ಒಂದು ಎಲೆ ಮಗುಚಿದರು, ಇನ್ನೊಂದು ಮಗುಚಿದರು, ಹೆಬ್ಬೆರಳಿನಿಂದ ಉಜ್ಜಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಶೆಟ್ಟರು ಹೃಷೀಕೇಶನ ಕಡೆ, ನಿನ್ನದು ಮುಗಿಯಿತು ಮಾರಾಯ ಎಂಬಂತೆ ನೋಡಿದರು. ಹೃಷೀಕೇಶನ ಕಣ್ಣಿಗೆ ಮಾವನ ಚೀಲ ಕಂಡಿತು, ಅದರಿಂದ ಹೊರಗೆ ಇಣುಕುವ ದರ್ಭೆಯ ಕಟ್ಟು ಕಂಡಿತು.

ನಿರ್ದೇಶಕರು ಕಣಿ ದಾಟಿದರು. ಮೂಡುಬದಿಯ ಮೊದಲ ಸಾಲಿನ ಮುಂದೆ ನಿಂತರು. ಕಾಯಿ ಕಟ್ಟಿದ ಗಿಡಗಳು, ಮೈತುಂಬ ಹನಿ, ಎಲೆಯಲ್ಲಿ ಒಂದು ಚುಕ್ಕೆ ಇಲ್ಲ. ಇಲ್ಲಿಯೇ ಹೃಷೀಕೇಶನ ಉದ್ಯೋಗ ಇತ್ತು, ಉಳಿದರೆ ಇಲ್ಲಿಯೇ ಉಳಿಯಬೇಕು. ನಿರ್ದೇಶಕರ ಹುಬ್ಬು ಮೇಲೆ ಹೋಯಿತು. ಅವರು ಬಲಗೈ ಚಾಚಿದರು. ಹೆಬ್ಬೆರಳಿನಲ್ಲಿ ಕಂದು ಪುಡಿ ಇನ್ನೂ ಹಾಗೆಯೇ ಇತ್ತು.

ಹುಣಿಯ ಮೇಲೆ ಅಕ್ಕು ಎದ್ದು ನಿಂತಳು. ಹೃಷೀಕೇಶನನ್ನು ನೋಡಿದಳು, ಅಷ್ಟೇ.

"ಮುಟ್ಟಬೇಡಿ ಸಾರ್," ಎಂದ ಹೃಷೀಕೇಶ.

ಬಾಲ್ಯದಲ್ಲಿ ಅಮ್ಮ, ಅಜ್ಜಿ, ಮಾವ ಯಾವ ಸ್ವರದಲ್ಲಿ ಹೇಳುತ್ತಿದ್ದರೋ ಅದೇ ಸ್ವರದಲ್ಲಿ ಬಂತು. ನಿರ್ದೇಶಕರ ಕೈ ಗಾಳಿಯಲ್ಲಿ ನಿಂತಿತು. ಶೆಟ್ಟರು ಕಣ್ಣು ಮುಚ್ಚಿದರು.

"ಏನಂದ್ರಿ?"

"ಎಲೆ ಒದ್ದೆ ಉಂಟು ಸಾರ್. ನೀವು ಆ ಬದಿಯದನ್ನು ಮುಟ್ಟಿದ್ದೀರಿ. ಬಿಸಿಲು ಬಂದು ಒಣಗಿದ ಮೇಲೆ ನೋಡಬಹುದು. ಕೈ ತೊಳೆದು."

"ನಾನು ಹತ್ತಕ್ಕೆ ಕಾರ್ಕಳದಲ್ಲಿರಬೇಕು."

"ಎಂಟೂವರೆಗೆ ಒಣಗ್ತದೆ ಸಾರ್."

ನಿರ್ದೇಶಕರು ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ತಿರುಗಿ ಕಣಿ ದಾಟಿದರು. ಅಕ್ಕು ತಂಬಿಗೆಯಲ್ಲಿ ನೀರು ತಂದು, ಕೈಗೆ ತಾಗದ ಹಾಗೆ ಮೇಲಿನಿಂದ ಸುರಿದಳು. ಆಮೇಲೆ ನಾಲ್ವರೂ ಅವಳ ಜಗಲಿಯಲ್ಲಿ ಕುಳಿತು ಸೂರ್ಯನನ್ನು ಕಾದರು. ಬೆಲ್ಲ ಬಂತು, ನೀರು ಬಂತು. ನಿರ್ದೇಶಕರು ಮೂರು ತುಂಡು ಬೆಲ್ಲ ತಿಂದು ಮುಗಿಸಿ ಕೇಳಿದರು.

"ಆ ಬದಿಗೆ ಏನು ಟ್ರೀಟ್‌ಮೆಂಟ್ ಕೊಟ್ರಿ?"

ಶೆಟ್ಟರು ಕೆಮ್ಮಿದರು. ಹೃಷೀಕೇಶನಿಗೆ ಸುಳ್ಳೊಂದು ಸಿದ್ಧವಾಗಿ ನಾಲಿಗೆಯ ತುದಿಯಲ್ಲಿತ್ತು. ಆದರೆ ಅಕ್ಕು ಎದುರು ಕುಳಿತಿದ್ದಳು.

"ಒರೆಸಿದೆ ಸಾರ್."

"ಏನು ಒರೆಸಿದ್ರಿ?"

"ಎಲೆ. ಪಾಣಿಪಂಚೆಯಿಂದ. ಹನ್ನೆರಡು ದಿನ. ರೋಗದ ಗಿಡದಿಂದ ಶುರುಮಾಡಿ." 

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಆರು ಗಂಟೆಯ ವಾಕ್ಯ, ಬೈರಾಸು, ತಿರುಗಿದ ಜಾಗ, ಚಾ ಕುಡಿದ ಎರಡು ಗಿಡ. ಗೋಡೆಯ ಆಚೆಯಿಂದ ಪಾಸ್ಕಲ್, "ಸತ್ಯ ಸಾರ್, ನಾನು ಸಾಕ್ಷಿ," ಎಂದು ಕೂಗಿದ.

"ತುಕ್ಕು ಗಾಳಿಗೂ ಹರಡುತ್ತೆ," ಎಂದರು ನಿರ್ದೇಶಕರು. "ಆದರೆ ನಿಮ್ಮಷ್ಟು ಶಿಸ್ತಾಗಿ ಅಲ್ಲ." ಮತ್ತೆ ಅಕ್ಕುವಿನ ಕಡೆ ತಿರುಗಿದರು. "ಒದ್ದೆಯಲ್ಲಿ ಮುಟ್ಟಬಾರದು ಅಂತ ನಿಮಗೆ ಯಾರು ಹೇಳಿದ್ರು?"

"ಅಜ್ಜಿ."

"ಯಾಕೆ ಅಂತ ಹೇಳಿದ್ರಾ?"

"ಇಲ್ಲ. ನೀವು ಹೇಳಿ," ಎಂದಳು ಅಕ್ಕು. "ಅರವತ್ತು ವರ್ಷದಿಂದ ಕಾಯ್ತಾ ಇದ್ದೇನೆ."

ಹೇಳಿದರು. ಒದ್ದೆ ಎಲೆಯ ಬೀಜಾಣು ಹೇಗೆ ಕೈಗೆ, ಬಟ್ಟೆಗೆ, ಸೆರಗಿಗೆ ಅಂಟಿ ಇನ್ನೊಂದು ಒದ್ದೆ ಎಲೆಗೆ ಹೋಗುತ್ತದೆ, ಅಲ್ಲಿ ನೀರು ಸಿಕ್ಕಿದ ಕೂಡಲೇ ಹೇಗೆ ಬೇರೂರುತ್ತದೆ ಎಂದು. ಅಕ್ಕು ಶ್ರದ್ಧೆಯಿಂದ ಕೇಳಿ, ಅಜ್ಜಿ ಹೇಳಿದ್ದು ಇದಕ್ಕಿಂತ ಸಣ್ಣದು, ನೆನಪಿಡಲಿಕ್ಕೆ ಸುಲಭ ಎಂದಳು. ಎಂಟೂವರೆಗೆ ಬಿಸಿಲು ಬಿತ್ತು. ನಿರ್ದೇಶಕರು ಮೂಡುಬದಿಯ ಗಿಡ ಗಿಡ ನೋಡಿದರು. ಹೊರಡುವಾಗ ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕೇಳಿದರು.

"ಆ ಬಟ್ಟೆ ಎಲ್ಲಿದೆ?"

ಹೃಷೀಕೇಶ ಚೀಲದಿಂದ ತೆಗೆದ. ಕೆಂಪಂಚು ಉಳಿದಿತ್ತು, ಬಿಳಿ ಬಣ್ಣ ಉಳಿದಿರಲಿಲ್ಲ. ನಿರ್ದೇಶಕರು ಅದನ್ನು ಪ್ಲಾಸ್ಟಿಕ್ ಚೀಲವೊಂದರಲ್ಲಿ ಹಾಕಿಸಿ, ಬಾಯಿ ಕಟ್ಟಿಸಿ, ತೊಡೆಯ ಮೇಲೆ ಇಟ್ಟುಕೊಂಡು ಬೆಳ್ಮಣ್ಣಿನ ದಾರಿಯಲ್ಲಿ ಹೋದರು.

ನವೆಂಬರಿನಲ್ಲಿ ಎರಡು ಕಾಗದ ಬಂದವು. ಒಂದರಲ್ಲಿ ಹೃಷೀಕೇಶ ಖಾಯಂ ಆಗಿದ್ದ. ಇನ್ನೊಂದರಲ್ಲಿ, ಶಿರ್ವದ ಪ್ರಾತ್ಯಕ್ಷಿಕೆಯಿಂದ ತಿಳಿದುಬಂದ ಮಹತ್ವದ ಅಂಶವನ್ನು ಸದರಿ ಗ್ರಾಮಸೇವಕರು ಮುಂದಿನ ಹಂಗಾಮಿನ ಒಳಗೆ ಮೂವತ್ತೆರಡು ಗ್ರಾಮಗಳಲ್ಲಿ ಸಭೆ ಕರೆದು ತಿಳಿಸತಕ್ಕದ್ದು ಎಂದಿತ್ತು. ಜೊತೆಗೆ ತಿದ್ದಿದ ತಖ್ತೆ. ತುಕ್ಕಿನ ಸಾಲಿನ ಎದುರು ಹೊಸದಾಗಿ ಸೇರಿಸಿದ್ದರು: ಎಲೆ ಒದ್ದೆಯಿರುವಾಗ ಗಿಡ ಮುಟ್ಟಬಾರದು. ಅಕ್ಕುವಿನ ಹೆಸರು ಎಲ್ಲಿಯೂ ಇರಲಿಲ್ಲ. ಹೃಷೀಕೇಶ ತನ್ನ ಪ್ರತಿಯಲ್ಲಿ ಪೆನ್ನಿನಿಂದ ಬರೆದುಕೊಂಡ, ಆಧಾರ: ಅಕ್ಕು ಪೂಜಾರ್ತಿಯವರ ಅಜ್ಜಿ. ಅಕ್ಕು ಆ ಹೊತ್ತಿಗೆ ಮೂಡುಬದಿಯ ಕಾಳನ್ನು ಬೇಯಿಸಿ ನೋಡಿ, ಎಮ್ಮೆಗೆ ಹಾಕಿ, ಎಮ್ಮೆಯೂ ಅರ್ಧ ಬಿಟ್ಟದ್ದನ್ನು ಕಂಡು, ಮುಂದಿನ ವರ್ಷ ಉದ್ದು ಹಾಕುವುದೆಂದು ತೀರ್ಮಾನಿಸಿ ಆಗಿತ್ತು.

ಹಾಗೆ ಹೃಷೀಕೇಶ ಊರೂರಿಗೆ ಹೋದ. ಎಲ್ಲೂರಿನಲ್ಲಿ, ಕಟಪಾಡಿಯಲ್ಲಿ, ಕಾಪುವಿನ ಶಾಲೆಯ ಜಗಲಿಯಲ್ಲಿ ನಿಂತು, ಹೆಗಲಿಗೆ ಚೀಲ ಹಾಕಿಕೊಂಡು, ಜನರನ್ನು ಸುತ್ತ ಕೂರಿಸಿಕೊಂಡು, ಒದ್ದೆಯಲ್ಲಿ ಮುಟ್ಟಬೇಡಿ, ಒಣಗಿದ ಮೇಲೆ ಮುಟ್ಟಿ, ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈ ತೊಳೆಯಿರಿ ಎಂದು ಹೇಳಿದ. ಹೇಳುವಾಗ ತನ್ನ ಸ್ವರ ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. 

ಮಾವನ ಕಿವಿಗೂ ಅದು ಬಿತ್ತು. ಒಂದು ಭಾನುವಾರ ಅವರು ಮಂಡಿ ಹಿಡಿದುಕೊಂಡು ಬಂದು ಚಾವಡಿಯಲ್ಲಿ ಕುಳಿತರು.

"ನಾನು ಹೇಳುವುದನ್ನೇ ನೀನು ಹೇಳ್ತಿಯಂತೆ. ವ್ಯತ್ಯಾಸ ಎಂತ?"

"ನನಗೆ ಪೆನ್ಶನ್ ಉಂಟು ಮಾವ."

ಯಜ್ಞನಾರಾಯಣ ಆಚಾರ್ಯರು ಆಲೋಚಿಸಿದರು. ಇದಕ್ಕೆ ಶಾಸ್ತ್ರದಲ್ಲಿ ಪ್ರತ್ಯುತ್ತರ ಇರಲಿಲ್ಲ.

"ಆಗಲಿ. ಹಾಗಾದರೆ ಆ ಎರಡು ಪಾಣಿಪಂಚೆ ವಾಪಸು ಕೊಡು."

ಹೃಷೀಕೇಶ ಟ್ರಂಕಿನಿಂದ ಒಂದನ್ನು ತಂದುಕೊಟ್ಟ.

"ಇನ್ನೊಂದು?"

"ಅದು ಬೆಂಗಳೂರಿನಲ್ಲಿ ಉಂಟು. ಲ್ಯಾಬಿನಲ್ಲಿ, ಗಾಜಿನ ಭರಣಿಯೊಳಗೆ."

ಮಾವನ ಮುಖ ಗಂಭೀರವಾಯಿತು. "ಅಲ್ಲಿ ಯಾರ್ಯಾರೋ ಮುಟ್ತಾರಲ್ಲ?"

"ಇಲ್ಲ. ಮುಟ್ಟಲಿಕ್ಕೆ ಬಿಡುವುದಿಲ್ಲವಂತೆ. ನೋಡಬೇಕಾದರೂ ಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ಒಳಗೆ ಹೋಗಬೇಕಂತೆ. ಹೊರಗೆ ಬಂದ ಮೇಲೆ ಪುನಃ ಕೈ ತೊಳೆಯಬೇಕಂತೆ."

ಮಾವ ಉಳಿದ ಪಾಣಿಪಂಚೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಸಮಾಧಾನ ಕಾಣಿಸಿತು.

"ಹಾಗಿದ್ದರೆ ಅಡ್ಡಿ ಇಲ್ಲ," ಎಂದರು. "ಒಳ್ಳೆಯ ಜನರ ಕೈಗೆ ಹೋಗಿದೆ."